ಚಿನ್ನದ ಗಣಿಯ ತಳದಲ್ಲಿ ಪ್ರೋಟಾನಿನ ಸಾವಿಗಾಗಿ ಕಾದವರು



ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ವಜ್ರಕರೂರಿನ ಕಡೆ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ನಡೆಯುವುದನ್ನು ನೀವು ನೋಡಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಮಳೆಗೆ ಕೆಮ್ಮಣ್ಣು ಕೊಚ್ಚಿಹೋದಾಗ ಎಲ್ಲೋ ಒಂದು ವಜ್ರ ಮೇಲೆ ಬಂದು ಹೊಳೆಯುತ್ತದೆ ಎಂಬ ಆಸೆ. ಬುತ್ತಿ ಕಟ್ಟಿಕೊಂಡು ಬೇರೆ ಬೇರೆ ಊರುಗಳಿಂದ ಬರುತ್ತಾರೆ. ಸಿಗುವುದು ಯಾರಿಗೋ ಒಬ್ಬರಿಗೆ. ಉಳಿದವರಿಗೆ ಸಿಗುವುದು ಬೆನ್ನುನೋವು ಮತ್ತು ಗಾಜಿನ ಚೂರು. ಆದರೂ ಮರುವರ್ಷ ಮತ್ತೆ ಹೋಗುತ್ತಾರೆ.

ನಾನು ಇಂದು ಬರೆಯುತ್ತಿರುವುದು ಅದಕ್ಕಿಂತ ಎಷ್ಟೋ ಪಾಲು ಅಪರೂಪವಾದ ಒಂದನ್ನು ಹುಡುಕಿದವರ ಕಥೆ. ಅವರು ಹುಡುಕಿದ್ದು ನಮ್ಮಿಂದ ತೀರಾ ದೂರವೇನಲ್ಲದ ಕೋಲಾರದ ಚಿನ್ನದ ಗಣಿಯಲ್ಲಿ. ಹುಡುಕಿದ್ದು ಚಿನ್ನವನ್ನಲ್ಲ.

ಈ ಕಥೆ ನನ್ನ ಕೈಗೆ ಬಂದದ್ದು ಒಂದು ಪ್ರಶ್ನೆಯಿಂದ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಡೆಯುವ ನಮ್ಮ ಯುವಜನ ಕೂಟದಲ್ಲಿ ಇಂಟರ್ ಓದುವ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಅಣ್ಣ, ಸೈನ್ಸ್ ಪುಸ್ತಕದಲ್ಲಿ ವಸ್ತುವನ್ನು ನಾಶ ಮಾಡೋಕಾಗಲ್ಲ ಅಂತ ಇದೆ. ನಾವು ಇಲ್ಲಿ ಈ ಲೋಕ ಒಂದು ದಿನ ಅಳಿದುಹೋಗುತ್ತೆ ಅಂತ ಹೇಳ್ತೀವಿ. ಯಾವುದು ನಿಜ?" ಕೆಲವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದರೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ಮುಂದಿನ ವಾರ ಹೇಳ್ತೀನಿ" ಎಂದು ಜಾರಿಕೊಂಡೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು: ಈ ಹುಡುಗನ ಪ್ರಶ್ನೆಯ ಅರ್ಧ ಭಾಗವನ್ನು, ಅಂದರೆ ವಸ್ತು ಶಾಶ್ವತವೇ ಎಂಬುದನ್ನು, ಕೋಲಾರದ ಗಣಿಯ ತಳದಲ್ಲಿ 12 ವರ್ಷ ಪರೀಕ್ಷೆ ಮಾಡಿ ನೋಡಿದ್ದಾರೆ.

ಮೊದಲು ಆ ಜಾಗದ ಬಗ್ಗೆ. ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ನಾವೆಲ್ಲ ಕರೆಯುವ ಕೆಜಿಎಫ್. (ಸಿನಿಮಾ ನೋಡಿದವರು ಸ್ವಲ್ಪ ಹೊತ್ತು ಅದನ್ನು ಮರೆಯಿರಿ.) 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಅಲ್ಲಿ ದೊಡ್ಡದಾಗಿ ಗಣಿ ಶುರುಮಾಡಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು, ದೇಶದ ಎಷ್ಟೋ ಪಟ್ಟಣಗಳು ಇನ್ನೂ ಸೀಮೆಎಣ್ಣೆ ದೀಪದಲ್ಲಿದ್ದಾಗ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರದ ಕಂಪನಿಯಾಯಿತು. ಇದೇ ಕಂಪನಿ ನಮ್ಮ ಅನಂತಪುರ ಸೀಮೆಯ ರಾಮಗಿರಿಯಲ್ಲೂ ಚಿನ್ನದ ಗಣಿ ನಡೆಸುತ್ತಿತ್ತು, ಹಿರಿಯರಿಗೆ ನೆನಪಿರಬಹುದು.

ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಆ ಕಾಲದಲ್ಲಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ತಳದಲ್ಲಿ ಬಂಡೆಯನ್ನು ಮುಟ್ಟಿದರೆ ಕೈ ಸುಡುವಷ್ಟು ಬಿಸಿ, 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಕಲ್ಲಿನ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಬರುತ್ತಿತ್ತು. ಹಾಗೆ ಸತ್ತವರು ಹೆಚ್ಚಾಗಿ ತಮಿಳು, ತೆಲುಗು ಮಾತಾಡುವ ಬಡ ಕೂಲಿಯವರು. ಅವರಲ್ಲಿ ಬಹಳ ಜನ ದಲಿತರು, ನಮ್ಮ ಕ್ರೈಸ್ತ ಕುಟುಂಬಗಳೂ ಸಾಕಷ್ಟು. ಮುಂದೆ ನಾನು ವಿಜ್ಞಾನಿಗಳ ಹೆಸರುಗಳನ್ನು ಹೇಳುತ್ತೇನೆ. ಆದರೆ ಅವರು ಕೆಳಗಿಳಿದದ್ದು ಈ ಜನ ಕೊರೆದ ದಾರಿಯಲ್ಲಿ ಎಂಬುದು ಮನಸ್ಸಿನಲ್ಲಿರಲಿ. ಗಣಿ ಕೆಲಸಗಾರರ ಪಾಲಕಿ ಸಂತ ಬಾರ್ಬರಾ, ಡಿಸೆಂಬರ್ 4 ಆಕೆಯ ಹಬ್ಬ. ನೆಲದಡಿ ಕೆಲಸ ಮಾಡುವವರು ಇಂದಿಗೂ ಹಲವು ದೇಶಗಳಲ್ಲಿ ಅಂದು ಆಕೆಗೆ ಮೊರೆಯಿಡುತ್ತಾರೆ.

ಇಷ್ಟು ಕಷ್ಟದ ಜಾಗಕ್ಕೆ ವಿಜ್ಞಾನಿಗಳು ಯಾಕೆ ಹೋದರು?

ಆಕಾಶದಿಂದ ವಿಶ್ವಕಿರಣಗಳು ಬೀಳುತ್ತಲೇ ಇರುತ್ತವೆ. ಅವು ಮೇಲಿನ ಗಾಳಿಗೆ ಬಡಿದು ಮ್ಯೂಆನ್ ಎಂಬ ಕಣಗಳನ್ನು ಹುಟ್ಟಿಸುತ್ತವೆ. ನಿಮ್ಮ ಅಂಗೈಯನ್ನು ಹೀಗೆ ಚಾಚಿ ಹಿಡಿದರೆ ಒಂದು ಸೆಕೆಂಡಿಗೆ ಒಂದೆರಡು ಮ್ಯೂಆನ್ ಅದರ ಮೂಲಕ ದಾಟಿಹೋಗುತ್ತವೆ. ಈಗ ಇದನ್ನು ಓದುವಾಗಲೂ ಹೋಗುತ್ತಿವೆ. ಅಪರೂಪದ ಒಂದು ಸಣ್ಣ ಸದ್ದನ್ನು ಕೇಳಬೇಕಾದವರಿಗೆ ಇದು ಜಾತ್ರೆಯ ಗದ್ದಲ. ಗದ್ದಲ ನಿಲ್ಲಬೇಕಾದರೆ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಬೇಕು. ಅಂಥ ಬಂಡೆ ಕೋಲಾರದಲ್ಲಿತ್ತು.

ಇದನ್ನು ಮೊದಲು ಕಂಡವರು ಹೋಮಿ ಭಾಭಾ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಘಟಕ ನಡೆಸಿದವರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು, ಅಂದರೆ ಟಿಐಎಫ್‌ಆರ್ ಅನ್ನು, ಕಟ್ಟಿದರು. 1951ರಲ್ಲಿ ಅವರು ತಮ್ಮ ಯುವ ವಿದ್ಯಾರ್ಥಿಯೊಬ್ಬರನ್ನು ಕೋಲಾರಕ್ಕೆ ಕಳಿಸಿದರು: ಆಳಕ್ಕೆ ಹೋದಂತೆ ಮ್ಯೂಆನ್ ಎಷ್ಟು ಕಡಿಮೆಯಾಗುತ್ತದೆ ಅಳೆದು ಬಾ ಎಂದು. ಆ ವಿದ್ಯಾರ್ಥಿ ಬಿ.ವಿ. ಶ್ರೀಕಂಠನ್, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಕನ್ನಡಿಗ. ಆಗ ಅವರಿಗೆ ನಮ್ಮ ಯುವಜನ ಕೂಟದ ದೊಡ್ಡ ಹುಡುಗರಿಗಿರುವಷ್ಟೇ ವಯಸ್ಸು. ಮುಂದೆ ಅವರೇ ಟಿಐಎಫ್‌ಆರ್‌ನ ನಿರ್ದೇಶಕರಾದರು. 2019ರಲ್ಲಿ ತೀರಿಕೊಂಡರು. ಕೋಲಾರದ ಕೆಲಸದಲ್ಲಿ ಮುಖ್ಯರಾದ ಇನ್ನೊಬ್ಬರು ಎಂ.ಜಿ.ಕೆ. ಮೆನನ್. ಅವರು ಹುಟ್ಟಿದ್ದು ಮಂಗಳೂರಿನಲ್ಲಿ.

1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಎಸ್. ಮಿಯಾಕೆ ಅವರು ಟಿಐಎಫ್‌ಆರ್‌ನ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಅವರ ಜೊತೆ ಸೇರಿ ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಯಂತ್ರಗಳನ್ನು ಇಳಿಸಿದರು. ಕೊನೆಗೆ ಅತಿ ಆಳದ ಮಟ್ಟದಲ್ಲಿ ಯಂತ್ರವಿಟ್ಟು ಎರಡು ತಿಂಗಳು ಕಾದರು. ಒಂದೂ ಮ್ಯೂಆನ್ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಾಲೇಜಿನ ಪ್ರಾಕ್ಟಿಕಲ್ ಆಗಿದ್ದರೆ ಎರಡು ತಿಂಗಳು ಕಾದು ಸೊನ್ನೆ ಬರೆದುಕೊಂಡು ಬಂದವನಿಗೆ ಫೇಲ್ ಎಂದೇ ಹಾಕುತ್ತಿದ್ದರು. ಆದರೆ ಈ ಸೊನ್ನೆಯನ್ನು ನೋಡಿ ಅವರು ಹಿಗ್ಗಿದರು. ಮ್ಯೂಆನ್ ಪೂರ್ತಿ ನಿಂತುಹೋಗಿದೆ ಎಂದರೆ ಬಂಡೆಯನ್ನೂ ದಾಟಿ ಬರಬಲ್ಲ ನ್ಯೂಟ್ರಿನೊ ಎಂಬ ಕಣವನ್ನು ಇಲ್ಲಿ ಹಿಡಿಯಬಹುದು. ಗದ್ದಲವಿಲ್ಲದ ಮನೆ ಸಿಕ್ಕಿತು ಎಂದರ್ಥ.

ಹಾಗೇ ಆಯಿತು. ಟಿಐಎಫ್‌ಆರ್, ಒಸಾಕಾ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್‌ನಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನಿಟ್ಟವು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಅವರ ಗುಂಪೂ ಇದೇ ಹುಡುಕಾಟದಲ್ಲಿತ್ತು. 1965ರಲ್ಲಿ ಎರಡೂ ಕಡೆ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊಗಳು ಕಂಡವು. ಮೊದಲು ಕಂಡದ್ದು ಆಫ್ರಿಕಾದವರಿಗೆ, ಫೆಬ್ರವರಿ 23ರಂದು. ಮೊದಲು ಅಚ್ಚಾದದ್ದು ಕೋಲಾರದ ವರದಿ, ಆಗಸ್ಟ್ 15ರಂದು. ಅವರದು ಬಂದದ್ದು ಆಗಸ್ಟ್ 30ಕ್ಕೆ. ನಮ್ಮವರೇ ಮೊದಲು, ಅವರೇ ಮೊದಲು ಎಂದು ಜಗಳವಾಡುವವರು ಈ ಮೂರು ತಾರೀಖುಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಅರ್ಧ ಹೇಳಿ ಹೆಮ್ಮೆಪಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಮ್ಮ ಹುಡುಗನ ಪ್ರಶ್ನೆಗೆ ಬರುತ್ತೇನೆ.

ಕಣಗಳಲ್ಲಿ ಹೆಚ್ಚಿನವು ಬಾಳುವುದಿಲ್ಲ. ಮ್ಯೂಆನ್ ಹುಟ್ಟಿದ ಎರಡು ಮೈಕ್ರೊಸೆಕೆಂಡಿಗೆಲ್ಲ ಒಡೆದು ಬೇರೆ ಕಣಗಳಾಗುತ್ತದೆ. ಇದಕ್ಕೆ ಕ್ಷಯ ಎನ್ನುತ್ತಾರೆ. ಪರಮಾಣುಬೀಜದಿಂದ ಹೊರಬಂದ ನ್ಯೂಟ್ರಾನ್ ಸುಮಾರು 15 ನಿಮಿಷ ಬದುಕುತ್ತದೆ. ಪ್ರೋಟಾನ್ ಮಾತ್ರ ಸಾಯುವುದನ್ನು ಯಾರೂ ನೋಡಿಲ್ಲ. ನಮ್ಮ ಮೈ, ಈ ಹೊಲದ ಮಣ್ಣು, ಚರ್ಚಿನ ಗಂಟೆ ಎಲ್ಲವೂ ಉಳಿದಿರುವುದು ಪ್ರೋಟಾನ್ ಉಳಿದಿರುವುದರಿಂದ. ಮಾರಿಸ್ ಗೋಲ್ಡ್‌ಹೇಬರ್ ಎಂಬ ಭೌತವಿಜ್ಞಾನಿ ಇದಕ್ಕೆ ಒಂದು ಸೊಗಸಾದ ಲೆಕ್ಕ ಹೇಳಿದ್ದರು. ನಮ್ಮ ಒಬ್ಬೊಬ್ಬರ ಮೈಯಲ್ಲೂ ಎಣಿಸಲಾಗದಷ್ಟು ಪ್ರೋಟಾನುಗಳಿವೆ. ಅವು ಸ್ವಲ್ಪ ಬೇಗ ಸಾಯುವಂತಿದ್ದರೆ ಆ ವಿಕಿರಣಕ್ಕೇ ನಾವು ಸತ್ತುಹೋಗಬೇಕಿತ್ತು. ನಾವು ಬದುಕಿದ್ದೇವೆ, ಆದ್ದರಿಂದ ಪ್ರೋಟಾನಿನ ಆಯಸ್ಸು ಕನಿಷ್ಠ 1ರ ಮುಂದೆ 16 ಸೊನ್ನೆಗಳಷ್ಟು ವರ್ಷ ಇರಲೇಬೇಕು. ಇದು ಯಾವ ಯಂತ್ರವೂ ಇಲ್ಲದೆ ನಮ್ಮ ಎಲುಬುಗಳೇ ಹೇಳುವ ಸಾಕ್ಷಿ.

ಅದಾದ ಮೇಲೆ 1970ರ ದಶಕದಲ್ಲಿ ಸಿದ್ಧಾಂತ ಬದಲಾಯಿತು. ಒಡಿಶಾದಲ್ಲಿ ಹುಟ್ಟಿದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಸೇರಿ, ಆಮೇಲೆ ಅಮೆರಿಕದ ಹೊವರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೋ ಸೇರಿ, ಪ್ರಕೃತಿಯ ಬೇರೆ ಬೇರೆ ಬಲಗಳು ಮೂಲದಲ್ಲಿ ಒಂದೇ ಆಗಿರಬೇಕು ಎಂದು ವಾದಿಸಿದರು. ಹಾಗೆ ಒಂದೇ ಆಗಿದ್ದರೆ ಅದರಿಂದ ಒಂದು ವಿಚಿತ್ರ ಮಾತು ಹೊರಡುತ್ತದೆ: ಪ್ರೋಟಾನ್ ಕೂಡ ಸಾಯಬೇಕು. ಯಾವಾಗ? ಜಾರ್ಜೈ-ಗ್ಲಾಶೋ ಲೆಕ್ಕದ ಪ್ರಕಾರ ಆಯಸ್ಸು 1ರ ಮುಂದೆ 30 ಅಥವಾ 31 ಸೊನ್ನೆ ಇಟ್ಟಷ್ಟು ವರ್ಷ. ನಮ್ಮ ವಿಶ್ವಕ್ಕೇ ಈಗ ಆಗಿರುವುದು ಸುಮಾರು 1,380 ಕೋಟಿ ವರ್ಷ. ಹಾಗಾದರೆ ಕಾದು ನೋಡುವುದಾದರೂ ಹೇಗೆ?

ಉಪಾಯ ಸರಳವಾಗಿದೆ. ಒಂದೇ ಪ್ರೋಟಾನನ್ನು ಕೋಟಿಕೋಟಿ ವರ್ಷ ಕಾಯುವ ಬದಲು ಕೋಟಿಕೋಟಿ ಪ್ರೋಟಾನುಗಳನ್ನು ಒಂದೆರಡು ವರ್ಷ ಕಾಯುವುದು. ಒಂದು ಊರಿನಲ್ಲಿ ಎಲ್ಲರೂ ನೂರು ವರ್ಷ ಬದುಕುತ್ತಾರೆ ಎಂದಿಟ್ಟುಕೊಂಡರೂ ಊರು ದೊಡ್ಡದಾಗಿದ್ದರೆ ಪ್ರತಿ ವರ್ಷವೂ ಒಂದು ಸಾವಿನ ಗಂಟೆ ಬಾರಿಸಲೇಬೇಕಲ್ಲ, ಹಾಗೆ. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿ ಸುಮಾರು 6ರ ಮುಂದೆ 29 ಸೊನ್ನೆಯಷ್ಟು ಕಣಗಳಿರುತ್ತವೆ. 140 ಟನ್ ಇಟ್ಟರೆ 8ರ ಮುಂದೆ 31 ಸೊನ್ನೆ. ಆಯಸ್ಸು 1ರ ಮುಂದೆ 31 ಸೊನ್ನೆ ವರ್ಷವಾದರೆ ವರ್ಷಕ್ಕೆ ಸುಮಾರು ಎಂಟು ಸಾವು. ಎಣಿಸಬಹುದು!

ಈ 140 ಟನ್ ಎಂಬ ಸಂಖ್ಯೆ ನಾನು ಸುಮ್ಮನೆ ತೆಗೆದುಕೊಂಡದ್ದಲ್ಲ. 1980ರ ಕೊನೆಗೆ ಕೋಲಾರದಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಕೆಲಸ ಶುರುಮಾಡಿದ ಯಂತ್ರದ ತೂಕವೇ ಅದು. ಪ್ರೋಟಾನ್ ಕ್ಷಯವನ್ನೇ ಹುಡುಕಲೆಂದು ಕಟ್ಟಿದ ಯಂತ್ರಗಳಲ್ಲಿ ಜಗತ್ತಿನಲ್ಲಿ ಮೊದಲು ಕೆಲಸಕ್ಕಿಳಿದದ್ದು ಇದು. ಅದರ ರಚನೆ ನಮ್ಮ ಕಡೆಯ ಜನಕ್ಕೆ ಅರ್ಥವಾಗುವಂಥದ್ದೇ: ಸೌದೆ ಅಟ್ಟಿಯ ಹಾಗೆ. 10 ಸೆಂಟಿಮೀಟರ್ ಅಗಲದ ಚೌಕ ಕಬ್ಬಿಣದ ಕೊಳವೆಗಳ ಒಂದು ಸಾಲು, ಮೇಲೆ ಕಬ್ಬಿಣದ ತಗಡು, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು ಕೊಳವೆ, ಮತ್ತೆ ತಗಡು. ಹೀಗೆ 34 ಸಾಲು, ಒಟ್ಟು ಸುಮಾರು 1,600 ಕೊಳವೆ. ಪ್ರತಿ ಕೊಳವೆಯೊಳಗೂ ಅನಿಲ, ನಡುವೆ ಒಂದು ತಂತಿ. ಕಣ ದಾಟಿಹೋದರೆ ತಂತಿಯಲ್ಲಿ ಸಣ್ಣ ವಿದ್ಯುತ್ ಮಿಡಿತ. ಯಾವ ಯಾವ ಕೊಳವೆ ಮಿಡಿಯಿತು ಎಂದು ಗುರುತು ಹಾಕಿದರೆ ಕಣ ಹೋದ ದಾರಿ ಕಾಣುತ್ತದೆ. ಈ ಅಷ್ಟೂ ಕಬ್ಬಿಣ ಗಣಿಯ ಬಾವಿಯಲ್ಲೇ ಇಳಿಯಬೇಕಿತ್ತು, ಕೂಲಿಯವರು ಇಳಿಯುವ ದಾರಿಯಲ್ಲೇ. ಬಾವಿಯಲ್ಲಿ ಹಿಡಿಸದ ಯಾವುದನ್ನೂ ಅಲ್ಲಿ ಕಟ್ಟುವಂತಿರಲಿಲ್ಲ.

ನೆಲದ ಮೇಲೆ ಇದೇ ಯಂತ್ರವಿಟ್ಟಿದ್ದರೆ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮ್ಯೂಆನ್ ದಾಟುತ್ತಿದ್ದವು. ಅಲ್ಲಿ ಕೆಳಗೆ ದಿನಕ್ಕೆ ಒಂದೆರಡು.

ಪ್ರೋಟಾನ್ ಸತ್ತರೆ ಹೇಗೆ ಗೊತ್ತಾಗುತ್ತದೆ? ಹೊರಗಿನಿಂದ ಯಾವ ಕಣವೂ ಬಂದಿರುವುದಿಲ್ಲ. ಕಬ್ಬಿಣದ ನಡುವೆ ಇದ್ದಕ್ಕಿದ್ದಂತೆ ಒಂದು ಬಿಂದುವಿನಿಂದ ಎದುರುಬದುರು ದಿಕ್ಕಿಗೆ ಕಣಗಳು ಹೊರಟು ಒಳಗೇ ನಿಂತುಹೋಗುತ್ತವೆ. ಹುಟ್ಟು, ಕೊನೆ ಎರಡೂ ಯಂತ್ರದೊಳಗೇ. ಇಂಥ ಗುರುತುಗಳು ಬೆರಳೆಣಿಕೆಯಷ್ಟು ಸಿಕ್ಕವು! 1981 ಮತ್ತು 1982ರಲ್ಲಿ ಗುಂಪು ಅವನ್ನು ಪ್ರಕಟಿಸಿತು. ಪ್ರೋಟಾನ್ ಕ್ಷಯ ಆಗಿರಬಹುದಾದ ಘಟನೆಗಳು ಎಂದು ಎಚ್ಚರದ ಮಾತಿನಲ್ಲಿ. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಕೋಲಾರದ ಕಡೆ ತಿರುಗಿ ನೋಡಿದರು. ವಸ್ತು ಶಾಶ್ವತವಲ್ಲ ಎಂದು ಹೇಳುವ ಮೊದಲ ಸಾಕ್ಷಿ ಒಂದು ಭಾರತೀಯ ಗಣಿಯಿಂದ ಬರುತ್ತಿದೆಯೇ?

ತೊಂದರೆ ಎಲ್ಲಿಂದ ಬಂತು ನೋಡಿ. 1965ರಲ್ಲಿ ಅವರೇ ಹೆಮ್ಮೆಯಿಂದ ಹಿಡಿದಿದ್ದ ಆ ನ್ಯೂಟ್ರಿನೊ ಈಗ ಅಡ್ಡ ಬಂತು. ಅದು ಸದ್ದಿಲ್ಲದೆ ಒಳಗೆ ಬಂದು ಕಬ್ಬಿಣದ ಒಂದು ಬೀಜಕ್ಕೆ ಬಡಿದರೆ ಆಗುವ ಗುರುತು ಪ್ರೋಟಾನ್ ಸತ್ತ ಗುರುತಿನ ಹಾಗೇ ಕಾಣಬಹುದು. ಎರಡು ಕಿಲೋಮೀಟರ್ ಬಂಡೆ ಮ್ಯೂಆನನ್ನು ತಡೆಯಿತು, ನ್ಯೂಟ್ರಿನೊವನ್ನು ತಡೆಯಲಿಲ್ಲ. ಅದನ್ನು ತಡೆಯಲು ಭೂಮಿಯೇ ಸಾಲದು.

ನಿರ್ಧಾರ ಮಾಡಲು ಇನ್ನೂ ದೊಡ್ಡ ಯಂತ್ರ ಬೇಕಿತ್ತು. ಅಮೆರಿಕದ ಒಹಾಯೊದಲ್ಲಿ ಈರಿ ಸರೋವರದ ದಡದ ಒಂದು ಉಪ್ಪಿನ ಗಣಿಯಲ್ಲಿ ಸುಮಾರು 8,000 ಟನ್ ಶುದ್ಧ ನೀರು ತುಂಬಿಸಿ ಐಎಂಬಿ ಎಂಬ ಪ್ರಯೋಗ 1982ರಲ್ಲಿ ಶುರುವಾಯಿತು. ಜಪಾನಿನ ಕಾಮಿಯೋಕ ಗಣಿಯಲ್ಲಿ 1983ರಲ್ಲಿ 3,000 ಟನ್ ನೀರಿನ ಕಾಮಿಯೋಕಾಂಡೆ. ಕೋಲಾರದ ಲೆಕ್ಕ ಸರಿಯಾಗಿದ್ದರೆ ಅಲ್ಲಿ ಸಾವುಗಳ ಸುರಿಮಳೆಯೇ ಆಗಬೇಕಿತ್ತು. ಕೆಲವೇ ತಿಂಗಳಲ್ಲಿ ಐಎಂಬಿಯವರು ಹೇಳಿದರು: ಜಾರ್ಜೈ-ಗ್ಲಾಶೋ ಹೇಳಿದ ಮುಖ್ಯ ಬಗೆಯ ಕ್ಷಯ ನಮಗೆ ಒಂದೂ ಕಾಣಲಿಲ್ಲ. ಆ ಸರಳ ಸಿದ್ಧಾಂತ ಅಲ್ಲಿಗೆ ಬಿದ್ದುಹೋಯಿತು.

ಕೋಲಾರದವರು ಕೂಡಲೇ ಬಾಗಿಲು ಹಾಕಿಕೊಂಡು ಹೋಗಲಿಲ್ಲ. 1985ರಲ್ಲಿ 2 ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಎರಡನೇ ಯಂತ್ರ ಇಟ್ಟರು. 1992ರವರೆಗೆ ಕಾದರು. ಅವರ ಆ ಕೆಲವು ಘಟನೆಗಳು ಏನಾಗಿದ್ದವು ಎಂಬ ಚರ್ಚೆ ಎಷ್ಟೋ ಕಾಲ ನಡೆಯಿತು. ಪ್ರೋಟಾನ್ ಕ್ಷಯ ಎಂದು ಜಗತ್ತು ಒಪ್ಪಲಿಲ್ಲ. ನಾನು ಇದನ್ನು ಸೋಲು ಎಂದು ಬರೆಯಲಾರೆ. ಕಂಡದ್ದನ್ನು ಕಂಡಷ್ಟೇ ಹೇಳಿದರು, ಬೇರೆಯವರು ಪರೀಕ್ಷಿಸಲಿ ಎಂದು ಮುಂದಿಟ್ಟರು. ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಸಂತ ತೋಮನನ್ನು ನಾವು ಸಂಶಯದ ಮನುಷ್ಯ ಎಂದೇ ಕರೆಯುತ್ತೇವೆ. ಆದರೆ ಯೇಸುಸ್ವಾಮಿ ಅವನನ್ನು ಗದರಿಸಿ ಹೊರಹಾಕಲಿಲ್ಲ, ಕೈ ಚಾಚು ಎಂದು ಗಾಯ ತೋರಿಸಿದರು. ಐಎಂಬಿಯವರು ಕೋಲಾರದ ಮಾತನ್ನು ಪರೀಕ್ಷಿಸಿದ್ದು ದ್ವೇಷದಿಂದಲ್ಲ.

ಆಮೇಲೆ ಆದದ್ದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟ. ಕಾಮಿಯೋಕಾಂಡೆ ಎಂಬ ಹೆಸರಿನ ಕೊನೆಯ ಭಾಗ ಬಂದದ್ದೇ 'ನ್ಯೂಕ್ಲಿಯಾನ್ ಕ್ಷಯ ಪ್ರಯೋಗ' ಎಂಬ ಮಾತಿನ ಇಂಗ್ಲಿಷ್ ಮೊದಲಕ್ಷರಗಳಿಂದ. ಅದು ಹುಡುಕಿದ ಕ್ಷಯ ಸಿಗಲಿಲ್ಲ. ಆದರೆ 1987ರ ಫೆಬ್ರವರಿ 23ರಂದು ಪಕ್ಕದ ಗೆಲಾಕ್ಸಿಯಲ್ಲಿ ಸಿಡಿದ ಒಂದು ನಕ್ಷತ್ರದ 11 ನ್ಯೂಟ್ರಿನೊಗಳು ಅದರ ನೀರಿನಲ್ಲಿ ಸಿಕ್ಕವು, ಐಎಂಬಿಗೆ 8. ನಕ್ಷತ್ರದ ಸಾವನ್ನು ಹೀಗೆ ಕಂಡದ್ದು ಅದೇ ಮೊದಲು. ಮಸಾತೊಶಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. 1996ರಲ್ಲಿ ಅದೇ ಜಾಗದಲ್ಲಿ 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಬಂತು. ಪ್ರೋಟಾನ್ ಹುಡುಕುವವರಿಗೆ ಕಾಟ ಕೊಡುತ್ತಿದ್ದ ಗಾಳಿಯ ನ್ಯೂಟ್ರಿನೊಗಳನ್ನೇ ಅಲ್ಲಿ ಕೂತು ಎಣಿಸಿದರು. ಅವು ದಾರಿಯಲ್ಲಿ ರೂಪ ಬದಲಾಯಿಸುತ್ತವೆ, ಆದ್ದರಿಂದ ಅವಕ್ಕೂ ತೂಕವಿದೆ ಎಂದು 1998ರಲ್ಲಿ ತೋರಿಸಿದರು. ತಕಾಕಿ ಕಾಜಿತ ಅವರಿಗೆ 2015ರ ನೊಬೆಲ್ ಬಂದದ್ದು ಇದಕ್ಕೇ. ಹೊಲದಲ್ಲಿ ವಜ್ರ ಹುಡುಕುವವನು ಕಾಲಿಗೆ ಚುಚ್ಚುವ ಕಲ್ಲನ್ನು ಎತ್ತಿ ಎಸೆಯುತ್ತಾ ಇರುತ್ತಾನೆ. ಇಲ್ಲಿ ಎಸೆಯುತ್ತಿದ್ದ ಕಲ್ಲೇ ರತ್ನವಾಯಿತು.

ಈಗ ಕೆಲವರು ಕೇಳಬಹುದು: ಗಣಿಯಲ್ಲಿ ಕಾಯುವುದೇಕೆ, ಜಿನೀವಾ ಹತ್ತಿರದ ಸರ್ನ್‌ನಲ್ಲಿ ದೊಡ್ಡ ಕೊಲೈಡರ್ ಇದೆಯಲ್ಲ? ಅದು 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಪ್ರೋಟಾನುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿ ಹೊಸ ಕಣಗಳನ್ನು ಹುಟ್ಟಿಸುತ್ತಾರೆ. ಅಲ್ಲೂ ಅಪರೂಪದ ಕ್ಷಯಗಳ ಹುಡುಕಾಟವೇ ನಡೆಯುತ್ತಿದೆ. ಬಿ-ಎಸ್ ಮೇಸಾನ್ ಎಂಬ ಕಣ ಸುಮಾರು 30 ಕೋಟಿಗೆ ಒಂದು ಸಲ ಮಾತ್ರ ಎರಡು ಮ್ಯೂಆನ್ ಆಗಿ ಒಡೆಯುತ್ತದೆ. ಅದರ ಮೊದಲ ಸುಳಿವು ಸಿಕ್ಕಿದ್ದು 2012ರಲ್ಲಿ, ಎರಡು ಪ್ರಯೋಗಗಳ ಲೆಕ್ಕ ಸೇರಿಸಿ ಖಚಿತವಾಗಿ ಪ್ರಕಟವಾದದ್ದು 2015ರಲ್ಲಿ. ಆ ಎರಡರಲ್ಲಿ ಒಂದಾದ ಸಿಎಂಎಸ್ ಯಂತ್ರದ ಒಂದು ಭಾಗವನ್ನು ಕಟ್ಟಿಕೊಟ್ಟವರಲ್ಲಿ ಇದೇ ಟಿಐಎಫ್‌ಆರ್‌ನವರು ಇದ್ದಾರೆ. ಸಿಕ್ಕ ಸಂಖ್ಯೆ ಹಳೆಯ ಸಿದ್ಧಾಂತ ಹೇಳಿದ ಸಂಖ್ಯೆಗೇ ಹೊಂದಿಕೊಂಡಿತು. ಹೊಸದೇನೋ ಸಿಗುತ್ತದೆ ಎಂದು ಕಾದಿದ್ದವರಿಗೆ ಅದೂ ಒಂದು ಬಗೆಯ 'ಇಲ್ಲ'ವೇ.

ಆದರೆ ಪ್ರೋಟಾನಿನ ಸಾವನ್ನು ಕೊಲೈಡರಿನಲ್ಲಿ ಬೇಗ ಮಾಡಿಸಲು ಆಗುವುದಿಲ್ಲ. ಆ ಸಾವಿಗೆ ಕಾರಣವಾಗಬೇಕಾದ ಭಾರೀ ಕಣಗಳನ್ನು ಹುಟ್ಟಿಸಲು ಬೇಕಾಗುವ ಶಕ್ತಿ ಈಗಿನ ಕೊಲೈಡರಿನ ಶಕ್ತಿಗಿಂತ ಸುಮಾರು ಹತ್ತು ಸಾವಿರ ಕೋಟಿ ಪಟ್ಟು ಹೆಚ್ಚು. ಅಂಥ ಯಂತ್ರ ಕಟ್ಟಲು ಭೂಮಿಯ ಮೇಲೆ ಜಾಗವಿಲ್ಲ. ಆದ್ದರಿಂದ ಇದಕ್ಕೆ ಕತ್ತಲಲ್ಲಿ ಕೂತು ಕಾಯುವುದೊಂದೇ ದಾರಿ. (ಪ್ರಸಂಗ ಬಂತೆಂದು ಒಂದು ಮಾತು: ನಮ್ಮ ವಾಟ್ಸ್ಯಾಪ್ ಗುಂಪಿಗೆ ಆಗಾಗ ಬರುವ 'ದೇವ ಕಣ ಸಿಕ್ಕಿತು, ವಿಜ್ಞಾನಿಗಳು ದೇವರನ್ನು ಕಂಡರು' ಎಂಬ ಫಾರ್ವರ್ಡ್ ನಂಬಬೇಡಿ. ಹಿಗ್ಸ್ ಕಣಕ್ಕೆ ಆ ಹೆಸರು ಬಂದದ್ದು 1993ರ ಒಂದು ಪುಸ್ತಕದ ಶೀರ್ಷಿಕೆಯಿಂದ. ಅದರಲ್ಲಿ ದೇವರೂ ಇಲ್ಲ, ದೇವರ ವಿರುದ್ಧವೂ ಏನಿಲ್ಲ.)

ಕೋಲಾರಕ್ಕೂ ಕೊಲೈಡರಿಗೂ ಇನ್ನೊಂದು ನಂಟಿದೆ. 1970ರ ದಶಕದಲ್ಲಿ ಅಲ್ಲಿನ ನ್ಯೂಟ್ರಿನೊ ಯಂತ್ರಗಳಲ್ಲಿ ಕೆಲವು ವಿಚಿತ್ರ ಗುರುತುಗಳು ಕಂಡಿದ್ದವು. ಬಂಡೆಯ ಗೋಡೆಗೂ ಯಂತ್ರಕ್ಕೂ ನಡುವಿನ ಬರೀ ಗಾಳಿಯಲ್ಲಿ ಒಂದು ಬಿಂದುವಿನಿಂದ ಕಣಗಳು ಕವಲೊಡೆದಂತೆ. ಬಂಡೆಯಲ್ಲಿ ಹುಟ್ಟಿದ ಯಾವುದೋ ಗೊತ್ತಿಲ್ಲದ ಕಣ ಸ್ವಲ್ಪ ದೂರ ಬಂದು ಗಾಳಿಯಲ್ಲಿ ಕ್ಷಯಿಸಿತೇ? ಇವನ್ನು 'ಕೋಲಾರ ಘಟನೆಗಳು' ಎಂದೇ ಕರೆಯುತ್ತಾರೆ. ವೇಗವರ್ಧಕಗಳಲ್ಲಿ ಹುಡುಕಿದಾಗ ಅಂಥದ್ದು ಸಿಗಲಿಲ್ಲ. ಆದರೂ 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ಹಳೆಯ ಕಡತ ತೆರೆದು, ಇದು ಕಪ್ಪುವಸ್ತುವಿನ ಕಣದ ಕ್ಷಯ ಆಗಿರಬಹುದೇ ಎಂದು ಮತ್ತೆ ಕೇಳಿದರು. 2022ರಿಂದ ಸರ್ನ್‌ನಲ್ಲಿ ಡಿಕ್ಕಿಯ ಜಾಗದಿಂದ 480 ಮೀಟರ್ ದೂರದಲ್ಲಿ ಫೇಸರ್ ಎಂಬ ಸಣ್ಣ ಯಂತ್ರ, ಹುಟ್ಟಿದ ಕೂಡಲೇ ಸಾಯದೆ ದೂರ ಹೋಗಿ ಸಾಯುವ ಕಣಗಳಿಗಾಗಿ ಕಾಯುತ್ತಿದೆ. ಐವತ್ತು ವರ್ಷದ ಹಿಂದೆ ಕೋಲಾರದಲ್ಲಿ ಎದ್ದ ಪ್ರಶ್ನೆಯ ಜಾತಿಯದೇ ಪ್ರಶ್ನೆ.

ಗಣಿಯ ಕಥೆ ಮಾತ್ರ ಬೇಸರದ್ದು. ಆಳದ ಮಟ್ಟಗಳನ್ನು ಮುಚ್ಚುತ್ತಾ ಬಂದಂತೆ 1992ರಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಸಾವಿರಾರು ಕುಟುಂಬಗಳ ಕೆಲಸ ಹೋಯಿತು. ಒಂದು ಮದುವೆಗೆಂದು ಬಂಗಾರಪೇಟೆಗೆ ಹೋದಾಗ ನಾನು ಮಾರಿಕುಪ್ಪಂ ರೈಲು ಹತ್ತಿ ಆ ಕಡೆ ಹೋಗಿಬಂದೆ. ಬೆಳಗಿನ ಜಾವ ಕೂಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರ ರೈಲು ಅದು. ಸೈನೈಡ್ ದಿಬ್ಬಗಳ ಬೂದು ಮಣ್ಣು ಗಾಳಿಗೆ ಹಾರುತ್ತಿತ್ತು. ಗಣಿಬಾವಿಯ ಮೇಲಿನ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿತ್ತು. ಎರಡು ಕಿಲೋಮೀಟರ್ ಕೆಳಗೆ ಇಂಥದ್ದೊಂದು ನಡೆದಿತ್ತು ಎಂದು ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅಮೆರಿಕದ ಸೌತ್ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯೂ ಸುಮಾರು ಅದೇ ಕಾಲಕ್ಕೆ ಮುಚ್ಚಿತ್ತು. ಅಲ್ಲೂ ಪಂಪು ನಿಲ್ಲಿಸಿ ನೀರು ತುಂಬಿಕೊಂಡಿತ್ತು. ಅವರು ಮತ್ತೆ ನೀರು ಹೊರಹಾಕಿ ಅದನ್ನು ಪ್ರಯೋಗಾಲಯ ಮಾಡಿದರು. ಈಗ ಅಲ್ಲಿ ಒಂದೂವರೆ ಕಿಲೋಮೀಟರ್ ಆಳದಲ್ಲಿ ಡ್ಯೂನ್ ಎಂಬ ಯಂತ್ರ ಕಟ್ಟುತ್ತಿದ್ದಾರೆ. ಅದು ಹುಡುಕುವವುಗಳಲ್ಲಿ ಪ್ರೋಟಾನ್ ಕ್ಷಯವೂ ಒಂದು. ನಮ್ಮಲ್ಲಿ ಕೋಲಾರದ ಅನುಭವದ ಮೇಲೆ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದಲ್ಲಿ ಸುಮಾರು 50,000 ಟನ್ ಕಬ್ಬಿಣದ ನ್ಯೂಟ್ರಿನೊ ಯಂತ್ರ ಕಟ್ಟಲು 2015ರ ಜನವರಿಯಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಊರವರ ಭಯ, ಕಾಡಿನ ಚಿಂತೆ, ಕೋರ್ಟು ಕಟ್ಟೆ ಎಂದು ಅದು ನಿಂತುಹೋಯಿತು. ನನಗೆ ಆ ಯಂತ್ರ ಬರಬೇಕು ಎಂಬ ಆಸೆಯಿದೆ. ಆದರೆ ಬೆಟ್ಟದ ಬುಡದವರ ಭಯವನ್ನು ಮೂರ್ಖತನ ಎಂದು ನಗುವವರ ಜೊತೆ ನಾನಿಲ್ಲ. ಕೆಜಿಎಫ್‌ನ ಜನಕ್ಕೆ ಕೊನೆಗೆ ಏನು ಉಳಿಯಿತು ಎಂದು ನೋಡಿದವರಿಗೆ ಆ ಭಯ ಅರ್ಥವಾಗುತ್ತದೆ.

ಮುಂದಿನ ಭಾನುವಾರ ಆ ಹುಡುಗನಿಗೆ ಇದಿಷ್ಟನ್ನೂ ಹೇಳಿದೆ. ಪುಸ್ತಕ ಹೇಳುವ ನಿಯಮ ನಾವು ಇದುವರೆಗೆ ನೋಡಿದ್ದರ ಲೆಕ್ಕ ಎಂದೆ. ಸೂಪರ್ ಕಾಮಿಯೋಕಾಂಡೆಯವರ ಈಚಿನ ಲೆಕ್ಕದಂತೆ, ಮುಖ್ಯ ಬಗೆಯ ಕ್ಷಯಕ್ಕೆ ಪ್ರೋಟಾನಿನ ಆಯಸ್ಸು 24ರ ಮುಂದೆ 33 ಸೊನ್ನೆ ಇಟ್ಟಷ್ಟು ವರ್ಷಕ್ಕಿಂತ ಹೆಚ್ಚು ಎಂದೆ. ಲೋಕದ ಅಂತ್ಯದ ಬಗ್ಗೆ ನಮ್ಮ ವಿಶ್ವಾಸ ಹೇಳುವುದು ಈ ಸೊನ್ನೆಗಳ ಲೆಕ್ಕವನ್ನಲ್ಲ, ಒಂದಕ್ಕೆ ಇನ್ನೊಂದನ್ನು ಸಾಕ್ಷಿಯಾಗಿ ಎಳೆದು ತರಬೇಡ ಎಂದೂ ಹೇಳಿದೆ. ಅಲ್ಲಿ ಕೂತಿದ್ದ ಫಾದರ್ ತಲೆಯಾಡಿಸಿದರು.

"ಅಂದ್ರೆ ಪ್ರೋಟಾನ್ ಸಾಯುತ್ತೋ ಇಲ್ವೋ ಇನ್ನೂ ಗೊತ್ತಿಲ್ವಾ ಅಣ್ಣ?"

"ಇಲ್ಲಪ್ಪ. ಇನ್ನೂ ಕಾಯ್ತಾ ಇದ್ದಾರೆ."

ಅವನು ಸ್ವಲ್ಪ ಯೋಚಿಸಿ, ಯೂತ್ ಟ್ರಿಪ್ ಹೋಗುವಾಗ ಕೆಜಿಎಫ್‌ಗೆ ಹೋಗಿ ಆ ಜಾಗವನ್ನು ಇಳಿದು ನೋಡಬಹುದಾ ಎಂದು ಕೇಳಿದ. ಆಗುವುದಿಲ್ಲ ಎಂದೆ. ಪಂಪುಗಳು ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಆ ಸುರಂಗಗಳೆಲ್ಲ ಈಗ ನೀರಿನಲ್ಲಿ ಮುಳುಗಿವೆ.